ಗಾಜಿನ ಮೇಲೆ ತೋಡಿಯ ಗಾಂಧಾರ

ಸಿಂಥಸೈಸರ್ ಎಂದರೆ ಕೀಬೋರ್ಡ್ ಎಂದೇ ನಮ್ಮಲ್ಲಿ ಬಹಳ ಮಂದಿಯ ಎಣಿಕೆ. ವಾದ್ಯಗೋಷ್ಠಿಯಲ್ಲಿ ಕಂಡದ್ದು ಅದೇ, ಮಕ್ಕಳಿಗೆ ಕೊಡಿಸುವುದೂ ಅದನ್ನೇ. ಕರ್ನಾಟಕ ಸಂಗೀತದವರು ಅದನ್ನು ದೂರವಿಟ್ಟದ್ದಕ್ಕೆ ನ್ಯಾಯವಾದ ಕಾರಣವಿದೆ: ಗಮಕ ಇರುವುದು ಎರಡು ಮನೆಗಳ ನಡುವೆ, ಕೀಬೋರ್ಡ್‌ನಲ್ಲಿ ಆ ನಡುವೇ ಇಲ್ಲ. ಪಿಟೀಲು ಕಲಿತು, ಕಲಿಸಿ, ಆಮೇಲೆ ಫೋನು ಮತ್ತು ಐಪ್ಯಾಡ್‌ನ ಸಿಂಥ್ ಆಪ್‌ಗಳ ಕಡೆ ಬಂದ ನನಗೆ ಆ ಮನೆಗಳು ಅನಿವಾರ್ಯವಲ್ಲ ಎಂಬುದು ಸ್ಪಷ್ಟವಾಗಿದೆ. ಗಾಜಿನ ಪರದೆಗೆ ಮನೆಯೂ ಇಲ್ಲ, ಮೆಟ್ಟಿಲೂ ಇಲ್ಲ.

ಶುರುವಾದದ್ದು ಲಾಕ್‌ಡೌನ್‌ನಲ್ಲಿ. 2020ರ ಮಾರ್ಚ್‌ನಲ್ಲಿ ಮೂಗ್ ಕಂಪನಿ ತನ್ನ ಮಿನಿಮೂಗ್ ಮಾಡೆಲ್ ಡಿ ಆಪ್ ಅನ್ನು ಕೆಲಕಾಲ ಉಚಿತವಾಗಿ ಕೊಟ್ಟಿತು. 1970ರಲ್ಲಿ ಬಂದ ಮೂಲ ಮಿನಿಮೂಗ್ ಒಂದು ಸಲಕ್ಕೆ ಒಂದೇ ಸ್ವರ ನುಡಿಯುತ್ತಿದ್ದ ವಾದ್ಯ. ಪಾಶ್ಚಾತ್ಯರಿಗೆ ಅದು ಮಿತಿಯಾಗಿ ಕಂಡಿರಬಹುದು, ನಮ್ಮ ಸಂಗೀತಕ್ಕೆ ಬೇಕಾದದ್ದೇ ಒಂದು ಎಳೆ. ಅದರ ಮೂರು ಆಸಿಲೇಟರ್‌ಗಳ ದಪ್ಪ ದನಿ ಕೇಳಿ ನಾನು ಮನಸೋತೆ. ಆದರೆ ಅಲ್ಲಿನ ಗ್ಲೈಡ್, ಸ್ವರದಿಂದ ಸ್ವರಕ್ಕೆ ಜಾರಿಸುವ ಗುಬ್ಬಿ, ಪ್ರತಿ ಜಾರನ್ನೂ ಒಂದೇ ಬಗೆಯಲ್ಲಿ ಎಳೆಯುತ್ತದೆ. ಎಲ್‌ಎಫ್‌ಒ, ಅಂದರೆ ನಿಧಾನಗತಿಯ ಆಸಿಲೇಟರ್, ಬಳಸಿ ಸ್ವರವನ್ನು ಅಲುಗಿಸಿದರೆ ಅದೂ ಗಡಿಯಾರದ ಹಾಗೆ ಸಮ. ಕಂಪಿತದಲ್ಲಿ ಒಂದು ತೂಗು ಇನ್ನೊಂದರಂತಿರುವುದಿಲ್ಲ. ನಿಧಾನವಾಗಿ ಹೊರಟು, ಎಲ್ಲೋ ನಿಂತು, ಮತ್ತೆ ಬಿರುಸಾಗುತ್ತದೆ. ಅದನ್ನು ಗುಬ್ಬಿಗೆ ಒಪ್ಪಿಸಲಾಗದು, ಬೆರಳೇ ಮಾಡಬೇಕು.

ಬೆರಳಿಗೆ ಆ ಅವಕಾಶ ಕೊಟ್ಟದ್ದು ಜಿಯೋಶ್ರೆಡ್. ಡ್ರೀಮ್ ಥಿಯೇಟರ್ ತಂಡದ ಕೀಬೋರ್ಡ್ ವಾದಕ ಜೋರ್ಡನ್ ರೂಡೆಸ್ ಅವರ ವಿಜ್ಡಮ್ ಮ್ಯೂಸಿಕ್ ಮತ್ತು ಮೋಫೋರ್ಟೆ ಸೇರಿ ಮಾಡಿದ ಆಪ್ ಇದು. ತಂತಿಯ ಕಂಪನವನ್ನೇ ಲೆಕ್ಕ ಹಾಕಿ ನಾದ ಹುಟ್ಟಿಸುವ ಫಿಸಿಕಲ್ ಮಾಡೆಲಿಂಗ್ ಇದರ ಜೀವಾಳ. ಮಹೇಶ್ ರಾಘವನ್ ಐಪ್ಯಾಡ್‌ನಲ್ಲಿ ಕರ್ನಾಟಕ ಸಂಗೀತ ನುಡಿಸುವುದನ್ನು ಕೇಳಿದವರಿಗೆ ಇದರಿಂದ ಏನಾದೀತು ಎಂದು ಹೇಳಬೇಕಾಗಿಲ್ಲ. ಪರದೆಯ ಮೇಲೆ ಬೆರಳು ಅಡ್ಡಡ್ಡ ಸರಿದಂತೆ ಸ್ವರ ಎಲ್ಲಿಯೂ ಮುರಿಯದೆ ಸರಿಯುತ್ತದೆ.

ನಾನು ಪರೀಕ್ಷೆಗೆ ಇಟ್ಟದ್ದು ತೋಡಿ. ಅದರ ಸಾಧಾರಣ ಗಾಂಧಾರವನ್ನು ನೆಟ್ಟಗೆ ಹಿಡಿದರೆ ತೋಡಿಯ ಮುಖವೇ ಕಾಣದು. ಅದು ಶುದ್ಧ ರಿಷಭದಿಂದ ಶುದ್ಧ ಮಧ್ಯಮದ ಕಡೆಗೆ ತೂಗಬೇಕು. ಆಪ್‌ನಲ್ಲಿ ಪಿಚ್ ರೌಂಡಿಂಗ್ ಎಂಬ ಸೌಕರ್ಯವಿದೆ: ಬೆರಳು ಸ್ವಲ್ಪ ಆಚೀಚೆ ಬಿದ್ದರೂ ಶ್ರುತಿಯನ್ನು ಹತ್ತಿರದ ಸ್ವರಕ್ಕೆ ಸರಿಪಡಿಸುತ್ತದೆ. ಪಂಚಮದಲ್ಲಿ ನಿಲ್ಲುವಾಗ ಅದು ವರ. ತೋಡಿಯ ಗಾಂಧಾರದಲ್ಲಿ ಅದೇ ಅಡ್ಡಿ, ತೂಗಾಟದ ತುದಿಗಳನ್ನು ತನ್ನತ್ತ ಎಳೆದು ಗಮಕವನ್ನು ಮೊಟಕು ಮಾಡುತ್ತದೆ. ಈಗ ನಾನು ಹಾಗೆ ಸರಿಪಡಿಸುವ ವೇಗವನ್ನು ತೀರ ನಿಧಾನಕ್ಕೆ ಇಳಿಸಿ, ಸರಿ ಜಾಗದಲ್ಲಿ ಬೆರಳಿಡುವ ಹೊಣೆಯನ್ನು ಕಿವಿಗೇ ವಹಿಸುತ್ತೇನೆ. ಪಿಟೀಲಿನಲ್ಲಿ ಕಲಿತದ್ದೂ ಅದೇ ಅಲ್ಲವೇ?

ಬೇರೆ ಆಪ್‌ನಲ್ಲಿ ಪಿಚ್ ಬೆಂಡ್ ಬಳಸುವವರು ಅದರ ವ್ಯಾಪ್ತಿಯನ್ನು ಮೊದಲು ನೋಡಿಕೊಳ್ಳಬೇಕು. ಸಾಮಾನ್ಯವಾಗಿ ಅದು ಎತ್ತ ಕಡೆಗೂ 2 ಸ್ವರಸ್ಥಾನ ಮಾತ್ರ ಬಾಗುತ್ತದೆ. ಗಾಂಧಾರದಿಂದ ಹೊರಟರೆ ರಿಷಭ, ಮಧ್ಯಮ ಎರಡೂ ಸರಿಯಾಗಿ ಸಿಗುತ್ತವೆ. ರಿಷಭದಿಂದ ಮಧ್ಯಮಕ್ಕೆ ಏರಲು 4 ಬೇಕು, ಷಡ್ಜದಿಂದ ಪಂಚಮಕ್ಕೆ ಜಾರಲು 7. ನಾನು 12ಕ್ಕೆ ಇಟ್ಟಿದ್ದೇನೆ.

ಜಾರುವುದಕ್ಕಿಂತ ಕಷ್ಟವಾದದ್ದು ಎಲ್ಲಿ ಬೆರಳೆತ್ತಬೇಕು ಎಂಬುದು. ಮೋನೋ ಮತ್ತು ಲೆಗಾಟೊ ಆಯ್ದುಕೊಂಡರೆ, ಬೆರಳು ಎತ್ತದಿರುವವರೆಗೆ ನಾದ ಹೊಸದಾಗಿ ಹುಟ್ಟುವುದಿಲ್ಲ. ವೀಣೆಯಲ್ಲಿ ಒಂದೇ ಮೀಟಿಗೆ ಹಲವು ಸ್ವರ ಬಂದಂತೆ. ಜಂಟಿ ವರಸೆಗೆ ಇದು ಆಗದು, ಎರಡನೆಯ ಸ್ವರಕ್ಕೆ ಒತ್ತು ಬೇಕಾದ್ದರಿಂದ ಮುಟ್ಟಿ ಬಿಟ್ಟು ಮುಟ್ಟಬೇಕು. ಕಮಾನು ಎಲ್ಲಿ ತಿರುಗುತ್ತದೆ ಎಂದು ಮೊದಲೇ ನಿರ್ಧರಿಸುವ ಹಾಗೆ, ವರ್ಣದ ಸ್ವರಗಳನ್ನು ಬರೆದುಕೊಂಡು ಬೆರಳೆತ್ತುವ ಕಡೆಯೆಲ್ಲ ಗುರುತು ಹಾಕಿದೆ. ತುಂಬ ಫಲ ಕೊಟ್ಟ ಅಭ್ಯಾಸ ಇದು.

ಲಯದ ವಿಷಯ ಚಿಕ್ಕದಾದರೂ ಕಟ್ಟುನಿಟ್ಟಿನದು. ಬ್ಲೂಟೂತ್ ಇಯರ್‌ಫೋನ್ ಬೇಡವೇ ಬೇಡ: ಮುಟ್ಟಿದ್ದಕ್ಕೂ ಕೇಳಿದ್ದಕ್ಕೂ ನಡುವೆ ಬೀಳುವ ವಿಳಂಬದಲ್ಲಿ ಎರಡನೇ ಕಾಲ ಹಾಳಾಗುತ್ತದೆ. ತಂತಿಯ ಇಯರ್‌ಫೋನ್ ಹಾಕಿ, ಆಪ್‌ನಲ್ಲಿ ಬಫರ್ ಆರಿಸಲು ಬಿಟ್ಟಿದ್ದರೆ 256 ಸ್ಯಾಂಪಲ್ ಅಥವಾ ಅದಕ್ಕಿಂತ ಕಡಿಮೆ ಇಡಿ. 48,000 ಹರ್ಟ್ಸ್‌ನಲ್ಲಿ 256 ಎಂದರೆ ಬಫರಿನ ಪಾಲಿನ ವಿಳಂಬ ಸುಮಾರು 5 ಮಿಲಿಸೆಕೆಂಡ್. ರಿವರ್ಬ್ ಅನ್ನು ಅಭ್ಯಾಸದ ಹೊತ್ತಿನಲ್ಲಿ ಪೂರ್ತಿ ಆರಿಸಿ, ಅಪಶ್ರುತಿಯನ್ನು ಅದು ಮುಚ್ಚುತ್ತದೆ. ತಂಬೂರಿಯ ನಾದ ಇನ್ನೊಂದು ಫೋನಿನಿಂದ ಬರಲಿ.

ಇದು ಸಂಪ್ರದಾಯಕ್ಕೆ ಒಗ್ಗೀತೇ ಎಂದು ಕೇಳುವವರಿದ್ದಾರೆ. ಕೀಲಿಗಳೇ ತುಂಬಿದ ಸ್ಯಾಕ್ಸೋಫೋನಿನಲ್ಲಿ ಕದ್ರಿ ಗೋಪಾಲನಾಥ್ ಗಮಕ ನುಡಿಸಿದ್ದನ್ನು ಕೇಳಿ ಬೆಳೆದ ನಾಡು ನಮ್ಮದು. ನನ್ನನ್ನು ಕಾಡುವ ಕೊರತೆ ಬೇರೆ: ತಂತಿಯನ್ನು ಒತ್ತಿದರೆ ಅದು ಬೆರಳನ್ನು ಎದುರು ಒತ್ತುತ್ತದೆ, ಗಾಜು ಏನನ್ನೂ ಹೇಳುವುದಿಲ್ಲ. ಆದ್ದರಿಂದ ಹೊಸಬರಿಗೆ ಇದರಲ್ಲಿ ಸರಳೆ ಹೇಳಿಕೊಡಲು ನಾನು ಒಪ್ಪುವುದಿಲ್ಲ. ಎರಡು ಮೂರು ವರ್ಣ ಹಾಡಲು ಬಂದ ಮಕ್ಕಳ ಕೈಗೆ ಮಾತ್ರ ಕೊಡುತ್ತೇನೆ. ಮೊದಲು ಸಾಲನ್ನು ಹಾಡಿಸುತ್ತೇನೆ, ಆಮೇಲೆ ಅದನ್ನೇ ಪರದೆಯ ಮೇಲೆ ನುಡಿಸಿ ರೆಕಾರ್ಡ್ ಮಾಡಿಸುತ್ತೇನೆ. ಕೇಳಿಸಿಕೊಂಡ ಮೇಲೆ ತಿದ್ದುವುದು ಅವರೇ.