ಚಾರ್ಜ್: ಪದ ಒಂದೇ, ಹೊರೆ ಹಲವು

ಹಾಸ್ಟೆಲ್‌ನಲ್ಲಿ ಒಂದು ದಿನ ಕಿವಿಗೊಟ್ಟು ಕೂತರೆ 'ಚಾರ್ಜ್' ಅನ್ನೋ ಪದ ಹತ್ತು ಸಲವಾದ್ರೂ ಕೇಳಿಸುತ್ತೆ. ಮೊಬೈಲಲ್ಲಿ ಚಾರ್ಜ್ ಇಲ್ಲ, ಆಟೋದವರು ಡಬಲ್ ಚಾರ್ಜ್ ಕೇಳಿದ್ರು, ಎಚ್‌ಒಡಿ ರಜೆ, ಇವತ್ತು ಬೇರೆಯವರು ಇನ್‌ಚಾರ್ಜ್. ಪೇಪರ್ ತೆಗೆದರೆ ಲಾಠಿ ಚಾರ್ಜ್, ಚಾರ್ಜ್‌ಶೀಟ್. ಕ್ಲಾಸಿಗೆ ಹೋದರೆ ಪಾಸಿಟಿವ್ ಚಾರ್ಜ್, ನೆಗೆಟಿವ್ ಚಾರ್ಜ್. ಒಂದೇ ಪದಕ್ಕೆ ಇಷ್ಟೊಂದು ಅರ್ಥ ಎಲ್ಲಿಂದ ಬಂತು?

ಮೂಲದಲ್ಲಿ ಒಂದು ಗಾಡಿ

ಲ್ಯಾಟಿನ್‌ನಲ್ಲಿ 'ಕರ್ರುಸ್' ಅಂದರೆ ಗಾಡಿ. ಗಾಡಿಗೆ ಸಾಮಾನು ಹೇರುವ ಕ್ರಿಯಾಪದ ಅದರಿಂದಲೇ ಹುಟ್ಟಿ, ಹಳೆಯ ಫ್ರೆಂಚ್ ಮೂಲಕ ಇಂಗ್ಲಿಷಿಗೆ ಬಂದು 'ಚಾರ್ಜ್' ಆಯಿತು. ಕಾರ್, ಕ್ಯಾರಿ, ಕಾರ್ಗೋ ಎಲ್ಲವೂ ಇದೇ ಮನೆತನದವು. ಅಂದರೆ ಚಾರ್ಜ್‌ನ ಮೂಲ ಅರ್ಥ ಹೊರೆ ಹೇರು.

ಇದು ನಮಗೆ ಹೊಸದೇನಲ್ಲ. ಕನ್ನಡದ 'ಹೊರಿಸು' ನೋಡಿ. ಮೂಟೆ ಹೊರಿಸ್ತೀವಿ, ಜವಾಬ್ದಾರಿ ಹೊರಿಸ್ತೀವಿ, ಆರೋಪ ಹೊರಿಸ್ತೀವಿ. ತೆರಿಗೆಯನ್ನಂತೂ ಹೇರ್ತಾರೆ. ಜವಾಬ್ದಾರಿ ಹೊತ್ತವರು 'ಇನ್‌ಚಾರ್ಜ್', ಆರೋಪ ಹೊರಿಸಿದ ಪತ್ರ 'ಚಾರ್ಜ್‌ಶೀಟ್', ಜೇಬಿನ ಮೇಲೆ ಬೀಳುವ ಹೊರೆ 'ಬಸ್ ಚಾರ್ಜ್'.

ಕರೆಂಟಿಗೆ ಬಂದದ್ದು ಹೇಗೆ?

ಬಂದೂಕಿಗೆ ಮದ್ದು ತುಂಬುವುದಕ್ಕೂ ಚಾರ್ಜ್ ಅಂತಲೇ ಹೆಸರಿತ್ತು. 1740ರ ದಶಕದಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಲೇಡನ್ ಜಾಡಿಗಳ ಜೊತೆ ಪ್ರಯೋಗ ಮಾಡ್ತಾ, ವಿದ್ಯುತ್ ತುಂಬುವುದಕ್ಕೂ ಇದೇ ಪದ ಬಳಸಿದ. ಫಿರಂಗಿಗಳ ಸಾಲಿಗಿದ್ದ 'ಬ್ಯಾಟರಿ' ಎಂಬ ಹೆಸರನ್ನು ಜಾಡಿಗಳ ಸಾಲಿಗೆ ಕೊಟ್ಟವನೂ ಅವನೇ. ನಮ್ಮ ಕನ್ನಡ ಪಠ್ಯಪುಸ್ತಕಗಳು ಆರಿಸಿಕೊಂಡ ಪದ 'ಆವೇಶ'. ಮೈಮೇಲೆ ಬರುವ ಆವೇಶವೂ ಅದೇ ಪದ!

ಇಲ್ಲೊಂದು ಎಚ್ಚರ ಬೇಕು. 'ಬ್ಯಾಟರಿ ಫುಲ್ ಚಾರ್ಜ್ ಆಯ್ತು' ಅಂದಾಗ ಅದರೊಳಗೆ ವಿದ್ಯುದಾವೇಶ ಹೆಚ್ಚಾಗಿರುತ್ತೆ ಅಂತ ಬಹಳ ಜನ ತಿಳೀತಾರೆ. ಒಂದು ತುದಿಯಿಂದ ಎಷ್ಟು ಒಳಗೆ ಹೋಗುತ್ತೋ ಇನ್ನೊಂದು ತುದಿಯಿಂದ ಅಷ್ಟೇ ಹೊರಗೆ ಬರುತ್ತೆ. ಒಟ್ಟು ಆವೇಶ ಸೊನ್ನೆಯೇ. ಹೆಚ್ಚಾಗೋದು ರಾಸಾಯನಿಕ ಶಕ್ತಿ. 5000 ಎಂಎಎಚ್ ಅಂದರೆ ಪೂರ್ತಿ ಖಾಲಿಯಾಗುವಷ್ಟರಲ್ಲಿ ಸರ್ಕಿಟ್‌ನಲ್ಲಿ ಹರಿಯುವ ಆವೇಶ: 5 ಆಂಪಿಯರ್ × 3600 ಸೆಕೆಂಡ್ = 18,000 ಕೂಲಂಬ್. ವೈವಾದಲ್ಲಿ ಈ ಪ್ರಶ್ನೆ ಬಂದರೆ ಆಡುಮಾತಿನ ಚಾರ್ಜ್ ಬೇರೆ, ಫಿಸಿಕ್ಸ್‌ನ ಚಾರ್ಜ್ ಬೇರೆ ಅಂತ ನೆನಪಿರಲಿ.

ಸಹಿ ಹಾಕೋ ಮುಂಚೆ

ಎಜುಕೇಷನ್ ಲೋನ್ ಕಾಗದಗಳಲ್ಲೂ ಈ ಪದ ಎರಡು ವೇಷದಲ್ಲಿ ಬರಬಹುದು. 'ಪ್ರೊಸೆಸಿಂಗ್ ಚಾರ್ಜ್' ಅಂದರೆ ಶುಲ್ಕ, ಒಂದ್ಸಲ ಕಟ್ಟಿದರೆ ಮುಗೀತು. 'ಚಾರ್ಜ್ ಆನ್ ದ ಪ್ರಾಪರ್ಟಿ' ಅಂತಿದ್ದರೆ ಮನೆ ಅಥವಾ ಜಮೀನು ಆ ಸಾಲಕ್ಕೆ ಭದ್ರತೆಯಾಗಿ ನಿಂತಿದೆ ಅಂತ ಅರ್ಥ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 100ನೇ ಸೆಕ್ಷನ್ ಇಂಥ ಚಾರ್ಜ್ ಬಗ್ಗೆಯೇ ಇದೆ. ಅಪ್ಪ ಅಮ್ಮ ನಮ್ಮನ್ನು ನಂಬಿ ಸಹಿ ಹಾಕ್ತಾರೆ. ಇಂಗ್ಲಿಷ್ ಓದೋಕೆ ಬರೋ ನಾವು ಆ ಸಾಲನ್ನು ಅವರಿಗೆ ಕನ್ನಡದಲ್ಲಿ ಬಿಡಿಸಿ ಹೇಳಬೇಕು.

ಚಾರ್ಜ್‌ಶೀಟ್ ಕೂಡ ಹಾಗೇ. ಅದು ತನಿಖೆ ಮುಗಿಸಿದ ಪೊಲೀಸರು ಕೋರ್ಟಿಗೆ ಕೊಡುವ ವರದಿ. ಅದರಲ್ಲಿ ಹುರುಳಿದೆ ಅನ್ನಿಸಿದರೆ ಕೋರ್ಟ್ ಆರೋಪ ನಿಗದಿ ಮಾಡುತ್ತೆ, ಆಮೇಲೆ ವಿಚಾರಣೆ, ಕೊನೆಗೆ ತೀರ್ಪು. ಹೆಸರು ಚಾರ್ಜ್‌ಶೀಟ್‌ನಲ್ಲಿ ಬಂತು ಅಂದ ಮಾತ್ರಕ್ಕೆ ಯಾರೂ ಅಪರಾಧಿ ಅಲ್ಲ. ಹೊರಿಸಿದ ಹೊರೆ ಇನ್ನೂ ಸಾಬೀತಾಗಬೇಕು.

ರೆಸ್ಯೂಮೆಯಲ್ಲಿ

'ಇನ್ ಚಾರ್ಜ್ ಆಫ್ ದ ಟೀಮ್' ಅಂದರೆ ತಂಡ ನಿಮ್ಮ ಕೈಯಲ್ಲಿತ್ತು. 'ಇನ್ ದ ಚಾರ್ಜ್ ಆಫ್ ದ ಟೀಮ್' ಅಂದರೆ ನೀವೇ ತಂಡದ ಸುಪರ್ದಿಯಲ್ಲಿದ್ರಿ! ಒಂದು 'ದ' ಎಲ್ಲವನ್ನೂ ತಿರುಗಿಸುತ್ತೆ. 'ಚಾರ್ಜ್ಡ್ ವಿತ್' ನಂತರ ಕೆಲಸದ ಹೆಸರು ಬಂದರೆ ಜವಾಬ್ದಾರಿ, ಅಪರಾಧದ ಹೆಸರು ಬಂದರೆ ಆರೋಪ.

ಈಗ ನಿಮಗೊಂದು ಅಭ್ಯಾಸ. ಆಸ್ಪತ್ರೆಯಿಂದ ಡಿಸ್ಚಾರ್ಜ್, ಬ್ಯಾಟರಿ ಡಿಸ್ಚಾರ್ಜ್, ಆರೋಪಿಯನ್ನು ಕೋರ್ಟ್ ಡಿಸ್ಚಾರ್ಜ್ ಮಾಡೋದು, ನದಿಯ ಡಿಸ್ಚಾರ್ಜ್. ಪ್ರತಿಯೊಂದರಲ್ಲೂ ಯಾವ ಹೊರೆ ಇಳೀತು ಅಂತ ಒಂದೊಂದು ಕನ್ನಡ ವಾಕ್ಯದಲ್ಲಿ ಬರೆದು ನೋಡಿ.