ಸೊರಗಿದ ಕೈಯ ಗಿರಕಿ ಚೆಂಡು

ಮಕ್ಕಳೇ, ಬೌಲಿಂಗ್ ಮಾಡುವುದು ಬಲಗೈಯಲ್ಲಿ, ದೂರದಿಂದ ಚೆಂಡು ಎಸೆಯುವುದು ಎಡಗೈಯಲ್ಲಿ! ಇಂಥ ಆಟಗಾರರೊಬ್ಬರು ನಮ್ಮ ರಾಜ್ಯದಲ್ಲಿದ್ದಾರೆ. ಅವರೇ 1945ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಬಿ.ಎಸ್. ಚಂದ್ರಶೇಖರ್.

ಚಿಕ್ಕಂದಿನಲ್ಲಿ ಅವರಿಗೆ ಪೋಲಿಯೋ ತಗುಲಿತು. ಪೋಲಿಯೋ ವೈರಸ್ ಬೆನ್ನುಹುರಿಯ ನರಕೋಶಗಳನ್ನು ಹಾಳುಮಾಡುತ್ತದೆ. ಆಗ ಮಿದುಳಿನ ಆಜ್ಞೆ ಸ್ನಾಯುಗಳಿಗೆ ತಲುಪುವುದಿಲ್ಲ, ಸ್ನಾಯುಗಳು ಸೊರಗುತ್ತವೆ. ಚಂದ್ರಶೇಖರ್ ಅವರ ಬಲಗೈ ಹೀಗೆ ತೆಳ್ಳಗಾಯಿತು. ಆ ತೆಳು ಕೈ ಚಾಟಿಯಂತೆ ಬೀಸುತ್ತಿದ್ದುದರಿಂದಲೇ ಚೆಂಡು ಅಷ್ಟು ಚುರುಕಾಗಿತ್ತು ಎಂದು ಹಲವರು ಹೇಳುತ್ತಾರೆ. ಇರಬಹುದು. ಆದರೆ ರೋಗ ಯಾರಿಗೂ ಬೌಲಿಂಗ್ ಕಲಿಸುವುದಿಲ್ಲ, ಕಲಿಸಿದ್ದು ಅಭ್ಯಾಸ. (ಲಸಿಕೆಯಿಂದಾಗಿ 2014ರಲ್ಲಿ ಭಾರತವನ್ನು ಪೋಲಿಯೋಮುಕ್ತ ಎಂದು ಘೋಷಿಸಲಾಯಿತು.)

1971ರ ಆಗಸ್ಟ್. ಲಂಡನ್ನಿನ ಓವಲ್ ಮೈದಾನ. ಸರಣಿಯ ಮೊದಲ ಎರಡು ಟೆಸ್ಟ್ ಡ್ರಾ ಆಗಿದ್ದವು. ಇದು ಮೂರನೆಯದು, ಕೊನೆಯದು. ಭಾರತ ಅಲ್ಲಿಯವರೆಗೆ ಇಂಗ್ಲೆಂಡಿನ ನೆಲದಲ್ಲಿ ಒಂದು ಟೆಸ್ಟನ್ನೂ ಗೆದ್ದಿರಲಿಲ್ಲ. ಮೊದಲ ಇನ್ನಿಂಗ್ಸಿನಲ್ಲಿ ಇಂಗ್ಲೆಂಡ್ 355, ಭಾರತ 284. ಅಂದರೆ 71 ರನ್ ಹಿಂದೆ! ಆಗ ಚಂದ್ರಶೇಖರ್ 38 ರನ್ ಕೊಟ್ಟು 6 ವಿಕೆಟ್ ಕಿತ್ತರು. ಇಂಗ್ಲೆಂಡ್ 101ಕ್ಕೆ ಕುಸಿಯಿತು. ಗೆಲ್ಲಲು ಬೇಕಾದ 173 ರನ್ ಎಷ್ಟು ಎಂಬ ಲೆಕ್ಕ ಹೇಗೆ ಬಂತು? ನೀವೇ ಮಾಡಿ ನೋಡಿ. ಆಗಸ್ಟ್ 24ರಂದು, ಗಣೇಶ ಚತುರ್ಥಿಯ ದಿನ, ಭಾರತ 4 ವಿಕೆಟ್‌ಗಳಿಂದ ಗೆದ್ದಿತು. ಹಬ್ಬದ ನೆಪದಲ್ಲಿ ಮೃಗಾಲಯದ ಆನೆಯೊಂದನ್ನೂ ಮೈದಾನಕ್ಕೆ ಕರೆತಂದಿದ್ದರು!

ಅವರ ಚೆಂಡನ್ನು ಆಡುವುದು ಏಕೆ ಕಷ್ಟವಾಗಿತ್ತು? ಸ್ಪಿನ್ ಬೌಲರ್ ಆದರೂ ಅವರ ವೇಗ ಹೆಚ್ಚು. ಗಂಟೆಗೆ 90 ಕಿ.ಮೀ. ಎಂದು ಇಟ್ಟುಕೊಳ್ಳೋಣ. ಅಂದರೆ ಸೆಕೆಂಡಿಗೆ 25 ಮೀಟರ್. ಬೌಲರನ ಕೈಯಿಂದ ಬ್ಯಾಟಿನವರೆಗೆ ಸುಮಾರು 18 ಮೀಟರ್. ಬ್ಯಾಟ್ಸ್‌ಮನ್‌ಗೆ ಸಿಗುವ ಸಮಯ ಮುಕ್ಕಾಲು ಸೆಕೆಂಡಿಗಿಂತ ಕಡಿಮೆ!

ಇನ್ನು ಗಿರಕಿ. ಚೆಂಡು ಮುಂದಕ್ಕೆ ಉರುಳುವಂತೆ ತಿರುಗುತ್ತಾ ಬಂದರೆ ತನ್ನ ಹಿಂದಿನ ಗಾಳಿಯನ್ನು ಮೇಲಕ್ಕೆ ತಳ್ಳುತ್ತದೆ. ಪ್ರತಿಯಾಗಿ ಗಾಳಿ ಚೆಂಡನ್ನು ಕೆಳಕ್ಕೆ ಒತ್ತುತ್ತದೆ. ಚೆಂಡು ಎಣಿಸಿದ್ದಕ್ಕಿಂತ ಮೊದಲೇ ಇಳಿಯುತ್ತದೆ. ಇದೇ ಮ್ಯಾಗ್ನಸ್ ಪರಿಣಾಮ. ಜರ್ಮನಿಯ ವಿಜ್ಞಾನಿ ಮ್ಯಾಗ್ನಸ್ ಇದನ್ನು 1852ರಲ್ಲಿ ವಿವರಿಸಿದ. ಅಮೆರಿಕದವರ ಬೇಸ್‌ಬಾಲ್ ಆಟದಲ್ಲಿ ಚೆಂಡು ನೆಲಕ್ಕೆ ತಾಗದೆಯೇ ಬ್ಯಾಟಿನ ಬಳಿ ಬರುತ್ತದೆ. ಅಲ್ಲಿ ಎಸೆಯುವವನಿಗೆ ಗಾಳಿಯೊಂದೇ ಆಸರೆ. ಕ್ರಿಕೆಟ್ಟಿನಲ್ಲಿ ನೆಲವೂ ಸಹಾಯಕ್ಕೆ ಬರುತ್ತದೆ. ಪಕ್ಕಕ್ಕೆ ತಿರುಗುವ ಚೆಂಡು ನೆಲಕ್ಕೆ ತಾಗಿದಾಗ ಘರ್ಷಣೆಯಿಂದ ದಿಕ್ಕು ಬದಲಿಸುತ್ತದೆ. ಚಂದ್ರಶೇಖರ್ ಅವರ ಗೂಗ್ಲಿ ಇನ್ನೂ ತುಂಟ. ಕೈ ಬೀಸುವುದನ್ನು ನೋಡಿದರೆ ಒಂದು ಕಡೆ ತಿರುಗಬೇಕು, ಚೆಂಡು ತಿರುಗುವುದು ಇನ್ನೊಂದು ಕಡೆ!

ತುಕ್ಕಾನಟ್ಟಿಯ ಶಾಲೆಯ ಅಂಗಳವಾಗಲಿ, ಓವಲ್ ಮೈದಾನವಾಗಲಿ, ಘರ್ಷಣೆಯ ನಿಯಮ ಒಂದೇ. ಮಾಡಿ ನೋಡಿ: ರಬ್ಬರ್ ಚೆಂಡೊಂದನ್ನು ಎದೆಯ ಎತ್ತರದಲ್ಲಿ ಹಿಡಿಯಿರಿ. ಎರಡೂ ಅಂಗೈಗಳ ನಡುವೆ, ಬಂಡಿಯ ಗಾಲಿಯಂತೆ ಜೋರಾಗಿ ತಿರುಗಿಸಿ ನೇರ ಕೆಳಕ್ಕೆ ಬಿಡಿ. ಮೊದಲು ಒಣ ಮಣ್ಣಿನ ಮೇಲೆ, ನಂತರ ನೀರು ಚೆಲ್ಲಿದ ನುಣುಪು ನೆಲದ ಮೇಲೆ. ಎಲ್ಲಿ ಹೆಚ್ಚು ಪಕ್ಕಕ್ಕೆ ಜಿಗಿಯಿತು? ಗೆಳೆಯರು ಚಾಕ್‌ಪೀಸಿನಿಂದ ಗುರುತು ಹಾಕಲಿ, ಸ್ಕೇಲಿನಿಂದ ಅಳೆಯಿರಿ. ಐದೈದು ಸಲ ಅಳೆದು ಸರಾಸರಿ ತೆಗೆಯಿರಿ.