ದೊಡ್ಡ ಟೈರಿನ ಹಿಂದೆ ಬರುವ ಬಿಲ್ಲುಗಳು

ಮಾರುತಿ ಜಿಪ್ಸಿ ಇಟ್ಟುಕೊಂಡವರಿಗೆ ಒಂದಲ್ಲ ಒಂದು ಮಳೆಗಾಲದಲ್ಲಿ ದೊಡ್ಡ ಟೈರಿನ ಆಸೆ ಹುಟ್ಟಿಯೇ ಹುಟ್ಟುತ್ತದೆ. ಸಕಲೇಶಪುರದ ಕಡೆಯ ನಮ್ಮ ಕಾಫಿ ತೋಟಕ್ಕೆಂದು ಮೂರು ಲಕ್ಷ ಕೊಟ್ಟು ಹಳೆಯ ಜಿಪ್ಸಿ ತಂದಾಗ ನನಗೂ ಹುಟ್ಟಿತು. ಜುಲೈ ಹೊತ್ತಿಗೆ ತೋಟದ ದಾರಿಯಲ್ಲಿ ಚಕ್ರದ ಜಾಡು ಎಷ್ಟು ಆಳಕ್ಕಿಳಿಯುತ್ತದೆಂದರೆ ನಡುವಿನ ದಿಣ್ಣೆ ಗಾಡಿಯ ಹೊಟ್ಟೆಗೆ ತಗಲುತ್ತದೆ. ಕಂಪನಿಯ 205/70 ಆರ್15 ತೆಗೆದು 235/75 ಆರ್15 ಹಾಕಿಬಿಡಿ ಎಂದು ಸುತ್ತಲಿನ ಜೀಪಿನವರೆಲ್ಲ ಹೇಳುತ್ತಿದ್ದರು. ಟೈರೊಂದಕ್ಕೆ ಒಂಬತ್ತು ಸಾವಿರದಂತೆ ಸ್ಟೆಪ್ನಿ ಸೇರಿ ಐದಕ್ಕೆ 45 ಸಾವಿರ. ಕೈಗೆ ನಿಲುಕುವ ಮೊತ್ತವೇ.

ಹಾಸನದ ಗ್ಯಾರೇಜಿನ ಮೆಕ್ಯಾನಿಕ್ ಮಾತಿನಲ್ಲಿ ವಿವರಿಸುವ ಗೋಜಿಗೆ ಹೋಗಲಿಲ್ಲ. ಅಲ್ಲಿದ್ದ ದೊಡ್ಡ ಟೈರೊಂದನ್ನು ನನ್ನ ಗಾಡಿಯ ಮುಂದಿನ ಎಡಗಡೆಗೆ ಕೂರಿಸಿ, ಆ ಚಕ್ರವನ್ನು ಮರದ ದಿಮ್ಮಿಯ ಮೇಲೆ ಹತ್ತಿಸಿ, ಸ್ಟೇರಿಂಗನ್ನು ಪೂರ್ತಿ ತಿರುಗಿಸಿದರು. ಟೈರಿನ ಬಟನ್‌ಗಳು ಒಂದು ಮಗ್ಗುಲಲ್ಲಿ ಕಮಾನು ಪಟ್ಟಿಯನ್ನೂ (ಲೀಫ್ ಸ್ಪ್ರಿಂಗ್) ಇನ್ನೊಂದು ಮಗ್ಗುಲಲ್ಲಿ ಮಡ್‌ಗಾರ್ಡಿನ ಅಂಚನ್ನೂ ಉಜ್ಜಿದವು. ಪಟ್ಟಿಯ ಮೇಲೆ ರಬ್ಬರಿನ ಕಪ್ಪು ಗೆರೆ ಎದ್ದಿತು. "ಗಾಡಿ ಎತ್ತಬೇಕಾಗುತ್ತೆ ಸಾರ್" ಎಂದು ಎಸ್ಟಿಮೇಟ್ ಬರೆಯಲು ಕೂತರು.

ನಾಲ್ಕೂ ಕಡೆಯ ಎತ್ತರದ ಪಟ್ಟಿ ಸೆಟ್ಟು, ಅದಕ್ಕೆ ಹೊಂದುವ ಉದ್ದದ ಶಾಕ್ ಅಬ್ಸಾರ್ಬರ್‌ಗಳು: 70 ಸಾವಿರ. ಅಗಲ ಟೈರು ಕೂರಲು ಅಗಲ ರಿಮ್: 25 ಸಾವಿರ. ಉದ್ದದ ಬ್ರೇಕ್ ಹೋಸು, ಪ್ರೊಪೆಲ್ಲರ್ ಶಾಫ್ಟಿನ ಕೆಲಸ, ಸ್ಟೇರಿಂಗ್ ಕೆಲಸ, ಕೂಲಿ: 35 ಸಾವಿರ. ಟೈರಿನ ಜೊತೆ ಒಟ್ಟು 1.75 ಲಕ್ಷ. ಗಾಡಿಯ ಬೆಲೆಯ ಅರ್ಧಕ್ಕಿಂತ ಹೆಚ್ಚು! ಶೇ 7ರ ಠೇವಣಿಯಲ್ಲಿಟ್ಟರೆ ಇದೇ ದುಡ್ಡು ವರ್ಷಕ್ಕೆ 12,250 ರೂಪಾಯಿ ಬಡ್ಡಿ ತರುತ್ತದೆ. ಇನ್ನೂ ಅಗ್ಗದ ದಾರಿಗಳಿವೆ. ಪಟ್ಟಿಯನ್ನು ಛಾಸಿಗೆ ಜೋಡಿಸುವ ಶಾಕಲ್ ಉದ್ದ ಮಾಡಿಸುವುದು ಒಂದು; ಎರಡಿಂಚು ಉದ್ದ ಮಾಡಿದರೆ ಗಾಡಿ ಏಳುವುದು ಒಂದೇ ಇಂಚು, ಮುಂದಿನ ಆಕ್ಸಲ್‌ನ ಕೋನ ಬದಲಾಗಿ ಹೆದ್ದಾರಿಯಲ್ಲಿ ಸ್ಟೇರಿಂಗ್ ಅಲೆದಾಡುತ್ತದೆ. ಜಿಪ್ಸಿಯ ಆಕ್ಸಲ್ ಕೆಳಗಿರುವ ಪಟ್ಟಿಯನ್ನು ಮೇಲಕ್ಕೆ ಕೂರಿಸುವುದು ಇನ್ನೊಂದು. ನಾಲ್ಕೈದು ಇಂಚು ಸಿಗುತ್ತದೆ, ಆದರೆ ಆ ವೆಲ್ಡಿಂಗಿನ ಮೇಲೆ ಮನೆಯವರ ಜೀವ ನಿಂತಿರುತ್ತದೆ. ಅಲ್ಲಿ ಚೌಕಾಸಿ ಮಾಡಬಾರದೆಂಬುದು ನನ್ನ ಖಚಿತ ಅಭಿಪ್ರಾಯ.

ಈ ದುಡ್ಡಿಗೆ ಸಿಗುವುದೇನು ಎಂದು ನಾನು ಕಾಗದದ ಮೇಲೆ ಲೆಕ್ಕ ಹಾಕಿದೆ. 205/70 ಆರ್15 ಟೈರಿನ ಎತ್ತರ 668 ಮಿಲಿಮೀಟರ್, 235/75 ಆರ್15ರದ್ದು ಸುಮಾರು 733. ವ್ಯತ್ಯಾಸ 65. ಚಕ್ರದ ನಡುವಿನಲ್ಲಿರುವ ಆಕ್ಸಲ್ ಏರುವುದು ಅದರ ಅರ್ಧ, ಒಂದೂಕಾಲು ಇಂಚಿನಷ್ಟು. ಕಲ್ಲಿಗೆ ಮೊದಲು ಬಡಿಯುವುದು ಡಿಫರೆನ್ಷಿಯಲ್. ಅದನ್ನು ಮೇಲೆತ್ತುವುದು ಟೈರು ಮಾತ್ರ. ಸಸ್ಪೆನ್ಷನ್ ಎತ್ತರಿಸಿದರೆ ಛಾಸಿ, ಬಾಡಿ ಏರುತ್ತವೆ, ಡಿಫರೆನ್ಷಿಯಲ್ ಇದ್ದಲ್ಲೇ ಇರುತ್ತದೆ. ಎಪ್ಪತ್ತು ಸಾವಿರದ ಪಟ್ಟಿ ಹಾಕಿಸುವುದು ಟೈರಿಗೆ ಜಾಗ ಮಾಡಿಕೊಡಲು ಎಂಬುದನ್ನು ಕೊಳ್ಳುವವರಿಗೆ ಯಾರೂ ಬಿಡಿಸಿ ಹೇಳುವುದಿಲ್ಲ.

ಆಮೇಲಿನ ಖರ್ಚು ಬೇರೆ. ಟೈರಿನ ಎತ್ತರ ಶೇ 10ರಷ್ಟು ಹೆಚ್ಚಿದಾಗ ಗೇರುಗಳೆಲ್ಲ ಅಷ್ಟೇ ಉದ್ದವಾಗುತ್ತವೆ. 1.3 ಲೀಟರಿನ ಎಂಜಿನ್ನು ಏರಿನಲ್ಲಿ ಏದುಸಿರು ಬಿಡುತ್ತದೆ, ಕ್ಲಚ್ಚು ಬೇಗ ಸವೆಯುತ್ತದೆ, ಭಾರದ ಚಕ್ರ ನಿಲ್ಲಿಸಲು ಬ್ರೇಕಿಗೂ ಹೆಚ್ಚು ಶ್ರಮ. ಮೀಟರು 60 ತೋರಿಸುವಾಗ ಗಾಡಿ 66ರಲ್ಲಿ ಓಡುತ್ತಿರುತ್ತದೆ.

ಕಾನೂನಿನ ಖರ್ಚನ್ನೂ ಇದೇ ಹಾಳೆಯಲ್ಲಿ ಬರೆಯಬೇಕು. ಆರ್‌ಸಿಯಲ್ಲಿರುವ ವಿವರ ತಯಾರಕರು ಕೊಟ್ಟ ವಿವರಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಿಸಬಾರದೆಂದು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹೇಳುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯ ಪ್ರಕಾರ, ಅನುಮತಿಯಿಲ್ಲದ ಒಂದೊಂದು ಬದಲಾವಣೆಗೂ ಮಾಲೀಕನಿಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ವಿಮಾ ಕಂಪನಿಗೆ ತಿಳಿಸದೆ ಮಾಡಿಸಿದರೆ ಅಪಘಾತದ ದಿನ ಕ್ಲೇಮಿಗೆ ಕೊಕ್ಕೆ ಬೀಳಬಹುದು. ಜಿಪ್ಸಿಯಂಥ ಹಳೆಯ ಗಾಡಿಗೆ ಇನ್ನೊಂದು ತೊಡಕಿದೆ. ಹದಿನೈದು ವರ್ಷ ತುಂಬಿದ ಮೇಲೆ ಐದೈದು ವರ್ಷಕ್ಕೊಮ್ಮೆ ಆರ್‌ಟಿಓ ಮುಂದೆ ನಿಲ್ಲಿಸಿ ಆರ್‌ಸಿ ನವೀಕರಿಸಬೇಕು; ಮಾಡಿಸಿದ ಬದಲಾವಣೆ ಆಗ ಅವರ ಕಣ್ಣಿಗೆ ಬೀಳಬಹುದು.

ನಾನು ಮಾಡಿಸಿದ್ದು ಬೇರೆ. ನನ್ನ ಗಾಡಿಯ ಪಟ್ಟಿಗಳು ವರ್ಷಗಟ್ಟಲೆ ಗೊಬ್ಬರದ ಚೀಲ ಹೊತ್ತು ಬಾಗುವಿಕೆಯನ್ನೇ ಕಳೆದುಕೊಂಡು ಚಪ್ಪಟೆಯಾಗಿದ್ದವು. ಕಂಪನಿ ಅಳತೆಯ ಹೊಸ ಪಟ್ಟಿ, ಹೊಸ ಬುಷ್ ಹಾಕಿಸಿದಾಗ 32 ಸಾವಿರ ಆಯಿತು, ಗಾಡಿ ಒಂದಿಂಚಿನಷ್ಟು ಮೇಲೆದ್ದಿತು. ಅದೇ ಅಳತೆಯ, ಕೆಸರಿಗೆಂದೇ ಮಾಡಿದ ದಪ್ಪ ಬಟನ್ನಿನ ಟೈರು ಐದಕ್ಕೆ 33 ಸಾವಿರ. ಗಾಳಿ ತುಂಬುವ ಕಂಪ್ರೆಸರ್, ಎಳೆಯುವ ಬೆಲ್ಟು, ಅದರ ಕೊಂಡಿಗಳಿಗೆ ಎಂಟು ಸಾವಿರ. ಕೆಸರಿಗಿಳಿಯುವ ಮುಂಚೆ ಗಾಳಿಯನ್ನು 18 ಪಿಎಸ್‌ಐಗೆ ಇಳಿಸುತ್ತೇನೆ. ಟೈರು ನೆಲಕ್ಕೆ ಹರಡಿಕೊಂಡು ಹಿಡಿತ ಸಿಗುತ್ತದೆ. ಇದಕ್ಕೆ ಕಾಸಿನ ಖರ್ಚಿಲ್ಲ, ಡಾಂಬರಿಗೆ ಬಂದೊಡನೆ ಮತ್ತೆ ತುಂಬಬೇಕು ಅಷ್ಟೆ. ಒಟ್ಟು 73 ಸಾವಿರ. ಜುಲೈನಲ್ಲಿ ನಮ್ಮ ದಾರಿಯನ್ನು ಈಗ ಗಾಡಿ ಹತ್ತುತ್ತದೆ.

ಕಾಫಿಯವರ ಕೈಗೆ ದುಡ್ಡು ಬರುವುದು ಕೊಯ್ಲು ಮುಗಿದು ಮಾರಾಟವಾದ ಮೇಲೆ. ಟೈರಿನ ಆಸೆ ಹುಟ್ಟುವುದು ಗಾಡಿ ಕೆಸರಲ್ಲಿ ಹೂತ ದಿನ, ಅಂದರೆ ಕೈ ಬರಿದಾಗಿರುವ ಕಾಲದಲ್ಲಿ. ಆಗಲೇ ಕ್ರೆಡಿಟ್ ಕಾರ್ಡಿನ ಕಂತು ಕಣ್ಣಿಗೆ ಬೀಳುತ್ತದೆ. ಮಳೆಗಾಲದಲ್ಲಿ ಎಸ್ಟಿಮೇಟ್ ಬರೆಸಿ, ಮಾರ್ಚಿನಲ್ಲಿ ಕೆಲಸ ಮಾಡಿಸಿ. ನಡುವಿನ ತಿಂಗಳುಗಳಲ್ಲಿ ಆ ಎಸ್ಟಿಮೇಟಿನಿಂದ ಒಂದೆರಡು ಸಾಲು ತಾವಾಗಿಯೇ ಬಿದ್ದುಹೋಗುತ್ತವೆ.

ಇಷ್ಟಾದರೂ ದೊಡ್ಡ ಟೈರೇ ಬೇಕೆನ್ನುವವರು ಮೊದಲು ಆರ್‌ಟಿಓ ಮತ್ತು ವಿಮಾ ಕಂಪನಿಯಿಂದ ಲಿಖಿತ ಉತ್ತರ ಪಡೆಯಿರಿ, ಬ್ರೇಕಿನ ಕೆಲಸಕ್ಕೆ ಹಣ ಎತ್ತಿಡಿ, ಟೈರಿನ ಆರ್ಡರು ಆಮೇಲೆ. ಬಿಚ್ಚಿದ ಕಂಪನಿ ಪಟ್ಟಿ, ರಿಮ್‌ಗಳನ್ನು ಗುಜರಿಗೆ ಹಾಕಬೇಡಿ. ಎಣ್ಣೆ ಸವರಿ ಗೋದಾಮಿನಲ್ಲಿಡಿ. ಗಾಡಿ ಮಾರುವಾಗ ಕೊಳ್ಳುವವರು ಮೊದಲು ಕೇಳುವುದು ಅವನ್ನೇ.